ಕಲ್ಲು, ಕಿಟ್ಟ, ಎರೆಮಣ್ಣು: ಮಾಡುವ ಖುಷಿ ಹುಟ್ಟುವ ಬಗೆ

ಹೊಸ ಯೋಚನೆ ಮೊದಲು ತಲೆಯಲ್ಲಿ ಹೊಳೆಯುತ್ತದೆ, ಆಮೇಲೆ ಕೈ ಅದನ್ನು ಮಾಡಿ ಮುಗಿಸುತ್ತದೆ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ಕೈಗೆಲಸಗಳನ್ನು ಹತ್ತಿರದಿಂದ ನೋಡಿದರೆ ಬಹಳಷ್ಟು ಸಲ ಕ್ರಮ ಉಲ್ಟಾ ಇರುತ್ತದೆ. ಕಲ್ಲು ಸೀಳಬಾರದ ಕಡೆ ಸೀಳುತ್ತದೆ, ಅಂಟು ಒಣಗಿ ಬಿಡುತ್ತದೆ, ಮಣ್ಣು ಬಿರಿಯುತ್ತದೆ. ಆ ತಕರಾರಿಗೆ ಕೈ ಏನೋ ಒಂದು ಉತ್ತರ ಕೊಡುತ್ತದೆ. ಹೊಸತನ ಎನ್ನುವುದು ಹೆಚ್ಚಾಗಿ ಹುಟ್ಟುವುದು ಆ ಉತ್ತರದಲ್ಲಿ. ಮಾಡುವವರಿಗೆ ಸಿಗುವ ಖುಷಿಯ ಮೂಲವೂ ಅಲ್ಲೇ ಇದೆ. ಇದನ್ನು ಕಲ್ಲಿನ ಕೊಡಲಿ, ಗೊಂಬೆಯ ಮೈಗೆ ಮೆತ್ತುವ ಕಿಟ್ಟ ಎಂಬ ಅಂಟಿನ ಮುದ್ದೆ, ಎರೆಮಣ್ಣಿನ ಎತ್ತು ಎಂಬ ಮೂರು ವಸ್ತುಗಳ ಮೂಲಕ ಬಿಡಿಸಿ ನೋಡೋಣ.

ಹಿರೇಗುಡ್ಡದ ಕೊಡಲಿ

ಬಳ್ಳಾರಿ ಪಟ್ಟಣದ ಈಶಾನ್ಯಕ್ಕೆ, ಕೆಲವೇ ಕಿಲೋಮೀಟರ್ ದೂರದಲ್ಲಿ, ಸಂಗನಕಲ್ಲು ಮತ್ತು ಕಪ್ಪಗಲ್ಲು ಊರುಗಳ ಸುತ್ತ ಗ್ರಾನೈಟ್ ಗುಡ್ಡಗಳಿವೆ. ಅವುಗಳಲ್ಲಿ ದೊಡ್ಡದು ಹಿರೇಗುಡ್ಡ. ಅದರ ಬಿಳಿ-ಬೂದು ಬಂಡೆಗಳ ನಡುವೆ ಕಪ್ಪು ಕಲ್ಲಿನ ಒಂದು ಪಟ್ಟಿ ಹಾದುಹೋಗಿದೆ. ಅದು ಡೋಲರೈಟ್. ಭೂಮಿಯೊಳಗಿನ ಕರಗಿದ ಶಿಲೆ ಗ್ರಾನೈಟಿನ ಸೀಳಿನಲ್ಲಿ ನುಗ್ಗಿ, ಬೇಗ ತಣ್ಣಗಾಗಿ ಗಟ್ಟಿಯಾದದ್ದು. ಬೇಗ ತಣಿದಿದ್ದರಿಂದ ಹರಳುಗಳು ಸಣ್ಣವಾಗಿ, ಒಂದಕ್ಕೊಂದು ಹೆಣೆದುಕೊಂಡಿವೆ. ಪೆಟ್ಟು ತಿಂದರೆ ಪುಡಿಯಾಗದೆ ಚಕ್ಕೆಯಾಗಿ ಏಳುವ ಗುಣ ಅದಕ್ಕೆ ಬಂದದ್ದು ಹೀಗೆ. ಕ್ರಿಸ್ತಪೂರ್ವ 2ನೇ ಸಹಸ್ರಮಾನದಲ್ಲಿ, ದನ ಸಾಕುತ್ತಿದ್ದ ನವಶಿಲಾಯುಗದ ಜನ ಇಲ್ಲಿ ಕಲ್ಲಿನ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದರು. 19ನೇ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಜಾಗದ ಮಹತ್ವ ಗುರುತಿಸಿದರು. 1940ರ ದಶಕದಲ್ಲಿ ಪುರಾತತ್ವಜ್ಞ ಬಿ. ಸುಬ್ಬರಾವ್ ಸಂಗನಕಲ್ಲಿನಲ್ಲಿ ಉತ್ಖನನ ಮಾಡಿದರು. ಫೂಟ್ ಹೆಸರಿನ ವಸ್ತುಸಂಗ್ರಹಾಲಯ ಈಗ ಬಳ್ಳಾರಿಯಲ್ಲೇ ಇದೆ.

ಕೊಡಲಿ ಮಾಡುವ ಕೆಲಸಕ್ಕೆ ನಾಲ್ಕು ಹಂತ. ಮೊದಲು ಪಟ್ಟಿಯಿಂದ ಕಲ್ಲಿನ ತುಂಡು ಎಬ್ಬಿಸುವುದು. ಎರಡನೆಯದು ಚಕ್ಕೆ ಎಬ್ಬಿಸುವುದು. ದುಂಡನೆಯ, ಗಟ್ಟಿಯಾದ ಗುಂಡುಕಲ್ಲನ್ನು ಸುತ್ತಿಗೆಯಾಗಿ ಹಿಡಿದು ತುಂಡಿನ ಅಂಚಿಗೆ ಹೊಡೆದು, ಎರಡೂ ಮುಖಗಳಿಂದ ಚಕ್ಕೆ ತೆಗೆದು ಕೊಡಲಿಯ ಆಕಾರಕ್ಕೆ ತರಬೇಕು. ಮೂರನೆಯದು ಕುಟ್ಟುವುದು. ಚಕ್ಕೆ ಎದ್ದ ಜಾಗಗಳ ನಡುವೆ ಉಳಿದ ಏಣುಗಳನ್ನು ಸಣ್ಣ ಸಣ್ಣ ಪೆಟ್ಟಿನಿಂದ ಪುಡಿಮಾಡಿ ಮಟ್ಟ ಮಾಡುವುದು. ಕೊನೆಯದು ಬಂಡೆಗೆ ಹಾಕಿ ಉಜ್ಜುವುದು.

ಎರಡನೆಯ ಹಂತದಲ್ಲೇ ಹೆಚ್ಚು ಕಲ್ಲುಗಳು ಹಾಳಾಗುತ್ತವೆ. ಪೆಟ್ಟು ಬೀಳುವ ಮೇಲ್ಮೈಗೂ ಚಕ್ಕೆ ಏಳಬೇಕಾದ ಮುಖಕ್ಕೂ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆ ಇರಲೇಬೇಕು. 60ರಿಂದ 80 ಡಿಗ್ರಿ ಇದ್ದರೆ ಒಳ್ಳೆಯದು. 90ಕ್ಕೆ ಹತ್ತಿರವಾದಷ್ಟೂ ಪೆಟ್ಟಿನ ಬಲ ಕಲ್ಲಿನೊಳಕ್ಕೆ ಹೋಗಿ ಸಾಯುತ್ತದೆ. ಚಕ್ಕೆ ಅರ್ಧಕ್ಕೇ ಮುರಿದು ಮೆಟ್ಟಿಲಿನಂಥ ಗಂಟು ಉಳಿಯುತ್ತದೆ. ಒಮ್ಮೆ ಆ ಗಂಟು ಬಿದ್ದರೆ ಮುಂದಿನ ಪ್ರತಿ ಚಕ್ಕೆಯೂ ಅಲ್ಲಿಗೇ ಬಂದು ನಿಲ್ಲುತ್ತದೆ. ಬಿಡಿಸಬೇಕೆಂದರೆ ಎದುರು ಅಂಚಿನಿಂದ ಚಕ್ಕೆ ಎಬ್ಬಿಸಿ ಅದರ ಬುಡ ತೆಗೆಯಬೇಕು. ಅಂಚು ತೀರಾ ತೆಳುವಾಗಿದ್ದರೆ ಪೆಟ್ಟಿಗೆ ಅದೇ ನುಜ್ಜಾಗುತ್ತದೆ. ಅದಕ್ಕೇ ಹೊಡೆಯುವ ಮೊದಲು ಅಂಚನ್ನು ಒರಟು ಕಲ್ಲಿಗೆ ಉಜ್ಜಿ ಸ್ವಲ್ಪ ಮೊಂಡು ಮಾಡಿಕೊಳ್ಳಬೇಕು. ಉದ್ದನೆಯ ತುಂಡಿಗೆ ಒಂದು ತುದಿಯಲ್ಲಿ ಜೋರಾಗಿ ಹೊಡೆದರೆ, ಇನ್ನೊಂದು ತುದಿಗೆ ಆಸರೆ ಇಲ್ಲದಿದ್ದರೆ, ಅದು ನಟ್ಟನಡುವೆ ಎರಡಾಗುತ್ತದೆ. ತೊಡೆಯ ಮೇಲೆ ಇಟ್ಟು ಅಂಗೈಯಿಂದ ಒತ್ತಿ ಹಿಡಿಯುವುದು ಇದೇ ಕಾರಣಕ್ಕೆ.

ಕಲ್ಲಿನೊಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಒಳ್ಳೆಯ ತುಂಡಿಗೆ ಮೆಲ್ಲಗೆ ಬಡಿದರೆ ಠಣ್ ಎನ್ನುತ್ತದೆ, ಸೀಳು ಬಿಟ್ಟದ್ದು ದಬ್ ಎನ್ನುತ್ತದೆ. ಹೀಗೆ ಕಲ್ಲಿಗೆ ಕಿವಿಗೊಡುವ ಅಭ್ಯಾಸ ಹಿರೇಗುಡ್ಡದಲ್ಲಿ ಇನ್ನೆಲ್ಲಿಗೆ ಕರೆದೊಯ್ದಿರಬಹುದು ನೋಡಿ. ಅದೇ ಡೋಲರೈಟ್ ಪಟ್ಟಿಯಲ್ಲಿ ನಾದ ಕೊಡುವ ಬಂಡೆಗಳಿವೆ. ಅವುಗಳ ಮೈಮೇಲೆ ಮತ್ತೆ ಮತ್ತೆ ಬಡಿದು ಬಿದ್ದ ಬಟ್ಟಲಿನಂಥ ಕುಳಿಗಳಿವೆ. ಆ ಕುಳಿಗೆ ಗ್ರಾನೈಟ್ ಗುಂಡಿನಿಂದ ಬಡಿದರೆ ಜಾಗಟೆಯಂಥ ಸ್ವರ ಏಳುತ್ತದೆ. ಅದೇ ಪಟ್ಟಿಯ ಬಂಡೆಗಳ ಮೇಲೆ ಉದ್ದ ಕೊಂಬಿನ ದನಗಳ, ಮನುಷ್ಯರ ಚಿತ್ರಗಳೂ ಇವೆ. ಅವು ಬಣ್ಣದಲ್ಲಿ ಬರೆದವಲ್ಲ, ಕುಟ್ಟಿ ಮೂಡಿಸಿದವು. ಡೋಲರೈಟಿನ ಹೊರಮೈ ಗಾಳಿ ಮಳೆಗೆ ಕಪ್ಪುಗಂದು ಬಣ್ಣಕ್ಕೆ ತಿರುಗಿರುತ್ತದೆ, ಕುಟ್ಟಿದ ಕಡೆ ಒಳಗಿನ ತಿಳಿ ಬಣ್ಣ ಕಾಣುತ್ತದೆ. ಕೊಡಲಿಯ ಏಣು ಪುಡಿಮಾಡುವ ಕೈಚಳಕವೂ ದನದ ಕೊಂಬು ಮೂಡಿಸುವ ಕೈಚಳಕವೂ ಒಂದೇ. ಕೊಡಲಿ ಕುಟ್ಟುತ್ತಾ ಕುಟ್ಟುತ್ತಾ ಚಿತ್ರವೂ ನಾದವೂ ಸಿಕ್ಕವು ಎಂಬುದು ಊಹೆ. ಆದರೆ ಉಪಕರಣ, ಚಿತ್ರ, ಸಂಗೀತ ಮೂರೂ ಒಂದೇ ಕಲ್ಲಿನಲ್ಲಿ, ಒಂದೇ ಬಗೆಯ ಪೆಟ್ಟಿನಲ್ಲಿ ಇವೆ ಎಂಬುದು ಕಣ್ಣೆದುರಿನ ಸತ್ಯ. ಈ ಗುಡ್ಡಗಳ ಸುತ್ತ ಕಲ್ಲಿನ ಕ್ವಾರಿಗಳು ಮಾಡಿದ ಹಾನಿ ಸಣ್ಣದಲ್ಲ. ನೋಡಲು ಹೋದವರು ದಯವಿಟ್ಟು ಬಡಿದು ನೋಡಬೇಡಿ, ಗೀಚಬೇಡಿ. ಹೊಸ ಗೀರೂ ಹಳೆಯ ಚಿತ್ರದಷ್ಟೇ ಕಾಲ ಉಳಿಯುತ್ತದೆ.

ಇನ್ನು ಉಜ್ಜುವ ಹಂತ. ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಹರಳು ಇರುತ್ತದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದರದು 7. ಡೋಲರೈಟಿನ ಮುಖ್ಯ ಖನಿಜಗಳದು 5ರಿಂದ 6ರ ಆಸುಪಾಸು. ಹೀಗಾಗಿ ಸುತ್ತಲಿನ ಗ್ರಾನೈಟ್ ಬಂಡೆಯೇ ಸಾಣೆಕಲ್ಲು. ನೀರು ಹಾಕುತ್ತಲೇ ಇರಬೇಕು. ನೀರಿಲ್ಲದಿದ್ದರೆ ಎದ್ದ ಪುಡಿ ಬಂಡೆಯ ಸಣ್ಣ ಕುಳಿಗಳಲ್ಲಿ ತುಂಬಿಕೊಂಡು ಕೊಡಲಿ ಜಾರುತ್ತದೆ, ಸವೆಯುವುದಿಲ್ಲ. ಮೇಲಿಷ್ಟು ಮರಳು ಉದುರಿಸಿದರೆ ಕೆಲಸ ಬೇಗ ಆಗುತ್ತದೆ. ಬೇಗ ಎಂದರೂ ಗಂಟೆಗಟ್ಟಲೆ. ಉಜ್ಜಿ ಉಜ್ಜಿ ನುಣುಪಾಗಿ ಬಿದ್ದ ತಗ್ಗುಗಳು ಇಂದಿಗೂ ಅಲ್ಲಿನ ಬಂಡೆಗಳ ಮೇಲಿವೆ.

ಕೊಡಲಿಯ ಬಾಯಿ ನುಣುಪಾಗಿದ್ದರೆ ಲಾಭವಿದೆ. ಮರದೊಳಗೆ ಸಲೀಸಾಗಿ ಇಳಿಯುತ್ತದೆ, ಬಿರುಕು ಶುರುವಾಗಲು ಒರಟು ಜಾಗ ಉಳಿದಿರುವುದಿಲ್ಲ. ಆದರೆ ಹಿಡಿಕೆಗೆ ಸಿಕ್ಕಿಸುವ ಹಿಂಬದಿ ಒರಟಾಗಿದ್ದರೇ ಬಿಗಿ ಕೂರುತ್ತದೆ. ಹಾಗಿದ್ದೂ ಕೆಲವು ಕೊಡಲಿಗಳನ್ನು ಬಾಯಿಂದಾಚೆಗೆ, ಮೈತುಂಬ ಉಜ್ಜಿದ್ದಾರೆ. ಇದಕ್ಕೆ ಪ್ರತಿಷ್ಠೆ, ಪೂಜೆ, ವಿನಿಮಯ ಎಂದು ಹಲವು ಕಾರಣ ಹೇಳಬಹುದು. ಅವುಗಳ ಜತೆಗೆ ಇನ್ನೊಂದನ್ನೂ ಸೇರಿಸಲೇಬೇಕು. ಕಲ್ಲು ಕೈಯಲ್ಲಿ ನುಣುಪಾಗುತ್ತಾ ಬರುವಾಗ ನಿಲ್ಲಿಸಲು ಮನಸ್ಸು ಬರುವುದಿಲ್ಲ.

ಮಿದುಳು ಏನು ಹೇಳುತ್ತದೆ

ಆ ಮನಸ್ಸು ಬಾರದಿರುವುದಕ್ಕೆ ಕಾರಣ ಸ್ವಲ್ಪ ಮಟ್ಟಿಗೆ ಗೊತ್ತಾಗಿದೆ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಸೂಸುವ ನರಕೋಶಗಳ ಮೇಲೆ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಮತ್ತು ಜತೆಗಾರರು 1990ರ ದಶಕದಲ್ಲಿ ಮಾಡಿದ ಕೆಲಸ ಪ್ರಸಿದ್ಧ. ಬಹುಮಾನ ಸಿಕ್ಕಿತು ಎಂಬಷ್ಟಕ್ಕೇ ಆ ಕೋಶಗಳು ಚುರುಕಾಗುವುದಿಲ್ಲ. ಎಣಿಸಿದ್ದಕ್ಕಿಂತ ಒಳ್ಳೆಯದಾದಾಗ ಚುರುಕಾಗುತ್ತವೆ. ಪೂರ್ತಿ ನಿರೀಕ್ಷಿಸಿದ ಫಲ ಬಂದರೆ ಸುಮ್ಮನಿರುತ್ತವೆ. ಎಣಿಸಿದ್ದು ಕೈತಪ್ಪಿದರೆ ಮಂಕಾಗುತ್ತವೆ. ಕೈಗೆಲಸದಲ್ಲಿ ಪ್ರತಿ ಪೆಟ್ಟೂ ಒಂದು ಸಣ್ಣ ಊಹೆ, ಮರುಕ್ಷಣವೇ ಅದಕ್ಕೆ ಫಲಿತಾಂಶ. ಫಲ ಮೊದಲೇ ನಿಕ್ಕಿ ಆಗಿಬಿಟ್ಟ ಕೆಲಸ ಬೇಸರ ತರುವುದೂ, ಯಾವತ್ತೂ ಕೈಗೆಟುಕದ ಕೆಲಸ ಹತಾಶೆ ತರುವುದೂ ಇದರಿಂದ ಅರ್ಥವಾಗುತ್ತದೆ. ಮನೋವಿಜ್ಞಾನಿ ಮಿಹಾಯ್ ಚಿಕ್ಸೆಂಟ್ಮಿಹಾಯ್ ಬೇರೆ ದಾರಿಯಿಂದ ಇದೇ ಜಾಗಕ್ಕೆ ಬಂದರು. ಕೆಲಸದ ಕಷ್ಟವೂ ಕೈಯ ಪಳಗಿಕೆಯೂ ಸರಿಸಮ ಇದ್ದಾಗ, ತಪ್ಪು-ಸರಿ ಅಲ್ಲಲ್ಲೇ ಗೊತ್ತಾಗುತ್ತಿದ್ದಾಗ ಮನುಷ್ಯ ಹೊತ್ತು ಹೋದದ್ದು ಮರೆಯುತ್ತಾನೆ ಎಂದರು.

ಹೊಸತನದ ಮೂಲಕ್ಕೂ ಇಲ್ಲೊಂದು ಸುಳಿವಿದೆ. ಪಕ್ಕದ ಯಾದಗಿರಿ ಜಿಲ್ಲೆಯ ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಸುಣ್ಣಕಲ್ಲಿನ ಹಾಸುಗಳಿಂದ ಕೈಗೊಡಲಿ, ಅಂದರೆ ಹಿಡಿಕೆ ಇಲ್ಲದೆ ಕೈಯಲ್ಲೇ ಹಿಡಿದು ಬಳಸುವ ಕಲ್ಲಿನ ಕೊಡಲಿ, ಮಾಡಿದ ನೆಲೆ ಸಿಕ್ಕಿದೆ. ಅದರ ಕಾಲವನ್ನು ಸುಮಾರು 12 ಲಕ್ಷ ವರ್ಷ ಎಂದು ಅಂದಾಜಿಸಿದ್ದಾರೆ. ನಮ್ಮ ಪ್ರಭೇದದ ಮನುಷ್ಯ ಹುಟ್ಟುವುದಕ್ಕೂ ಎಷ್ಟೋ ಮೊದಲು. ಅಂಥ ಕೈಗೊಡಲಿಯನ್ನು ಇಂದಿನ ನುರಿತವರಿಂದ ಮಾಡಿಸಿ ಮಿದುಳಿನ ಚಿತ್ರ ತೆಗೆದ ಡೀಟ್ರಿಚ್ ಸ್ಟೌಟ್ ತಂಡ 2008ರಲ್ಲಿ ಒಂದು ವಿಷಯ ವರದಿ ಮಾಡಿತು. ಬರೀ ಚೂಪು ಚಕ್ಕೆ ಎಬ್ಬಿಸುವಾಗ ಅಷ್ಟಾಗಿ ಕೆಲಸ ಮಾಡದ ಮುಂಮೆದುಳಿನ ಒಂದು ಭಾಗ ಕೈಗೊಡಲಿ ಮಾಡುವಾಗ ಚುರುಕಾಗುತ್ತದೆ. ಅದು ಮಾತಿನ ಜೋಡಣೆಯಂಥ ಕೆಲಸಗಳಲ್ಲೂ ತೊಡಗುವ ಭಾಗ. ‘ಇಲ್ಲಿ ಉಜ್ಜಿದರೆ ಅಲ್ಲಿ ಹೊಡೆಯಬಹುದು, ಅಲ್ಲಿ ಹೊಡೆದರೆ ಈ ಗಂಟು ಬಿಡುತ್ತದೆ’ ಎಂದು ಮೂರು ಹೆಜ್ಜೆ ಮುಂದೆ ಯೋಚಿಸುವುದನ್ನು ಕಲ್ಲೇ ಕಲಿಸಿರಬಹುದು.

ಕಿನ್ನಾಳದ ಕಿಟ್ಟ

ಕೊಪ್ಪಳದಿಂದ ಹದಿಮೂರು ಕಿಲೋಮೀಟರಿನಷ್ಟು ದೂರದ ಕಿನ್ನಾಳದ ಗೊಂಬೆಗಳು ಎಲ್ಲರಿಗೂ ಗೊತ್ತು. ಭೌಗೋಳಿಕ ಸೂಚ್ಯಂಕವೂ ಸಿಕ್ಕಿದೆ. ಗರುಡ, ಗೌರಿ, ಪಶುಪಕ್ಷಿಗಳನ್ನು ಮಾಡುವ ಚಿತ್ರಗಾರ ಮನೆತನಗಳ ಹಿರಿಯರೇ ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳನ್ನು ಬರೆದರು ಎಂಬ ಪ್ರತೀತಿ ಇದೆ. ಗೊಂಬೆಯ ಬಣ್ಣವನ್ನು ಎಲ್ಲರೂ ಹೊಗಳುತ್ತಾರೆ. ಬಣ್ಣದ ಕೆಳಗೆ ಇರುವುದೇ ನಿಜವಾದ ಜಾಣ್ಮೆ.

ಗೊಂಬೆಗೆ ಬಳಸುವುದು ಪೊಳಕಿ ಎಂಬ ಹಗುರ ಮರ. ಕೆತ್ತಲು ಸುಲಭ, ಹೊರಲು ಹಗುರ. ಆದರೆ ಯಾವ ಮರವೂ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ವರ್ಷವರ್ಷದ ಸುತ್ತುಗಳ ಗುಂಟ ಕುಗ್ಗುವುದು ಹೆಚ್ಚು, ತಿರುಳಿನಿಂದ ತೊಗಟೆಯ ಕಡೆಗೆ ಕಡಿಮೆ, ಉದ್ದಕ್ಕೆ ಬಹುತೇಕ ಇಲ್ಲ. ತಲೆ, ತೋಳು, ರೆಕ್ಕೆ ಬೇರೆ ಬೇರೆ ಕೆತ್ತಿ ಜೋಡಿಸಿದ ಗೊಂಬೆಯಲ್ಲಿ ಪ್ರತಿ ತುಂಡೂ ತನ್ನದೇ ದಿಕ್ಕಿಗೆ ಎಳೆಯುತ್ತದೆ. ಮೇಲೆ ನೇರವಾಗಿ ಬಣ್ಣ ಬಳಿದರೆ ಜೋಡಣೆಯ ಗೆರೆ ಒಂದೇ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ.

ಅದಕ್ಕೇ ಕಿಟ್ಟ. ಗೋಣಿತಾಟಿನ ಚಿಂದಿಯನ್ನು ನೆನೆಸಿ, ಸಣ್ಣಗೆ ಕತ್ತರಿಸಿ, ಒಣಗಿಸಿ ಪುಡಿಮಾಡುತ್ತಾರೆ. ಅದಕ್ಕೆ ಕಟ್ಟಿಗೆಯ ಪುಡಿ ಮತ್ತು ಹುಣಸೆ ಬೀಜದ ಅಂಟು ಸೇರಿಸಿ ನಾದುತ್ತಾರೆ. ಜೋಡಿಸಿದ ಗೊಂಬೆಯ ಮೈಗೆಲ್ಲ ಅದನ್ನು ಕೈಯಿಂದ ಮೆತ್ತಿ, ಮೇಲೆ ಅರಿವೆಯ ಸಣ್ಣ ಚೂರುಗಳನ್ನು ಹುಣಸೆ ಅಂಟಿನಿಂದ ಅಂಟಿಸುತ್ತಾರೆ. ಅದರ ಮೇಲೆ ಕಲ್ಲಿನ ಪುಡಿಯ ಲೇಪ. ಬಣ್ಣ ಕೂರುವುದು ಆ ಲೇಪದ ಮೇಲೆ. ಒಡವೆಗಳ ಉಬ್ಬು ಬರುವುದೂ ಕಲ್ಲಿನ ಪುಡಿ ಮತ್ತು ಗೋಂದಿನ ಮಿಶ್ರಣದಿಂದಲೇ.

ಪ್ರತಿಯೊಂದಕ್ಕೂ ಕಾರಣವಿದೆ. ಹುಣಸೆ ಅಂಟಿನಲ್ಲಿ ಬಹುಪಾಲು ನೀರು. ನೀರು ಆರಿದಂತೆ ಅಂಟು ಕುಗ್ಗಿ ಬಿರಿಯುತ್ತದೆ. ಕಟ್ಟಿಗೆ ಪುಡಿ ಜಾಗ ತುಂಬಿಕೊಂಡರೆ ಕುಗ್ಗುವುದಕ್ಕೆ ಉಳಿಯುವ ಅಂಟೇ ಕಡಿಮೆ. ಗೋಣಿಯ ನಾರು ಬಿರುಕಿನ ಎರಡೂ ದಡಗಳನ್ನು ಹಿಡಿದಿಡುತ್ತದೆ. ಅರಿವೆಯ ಚೂರು ಜೋಡಣೆಯ ಗೆರೆಯ ಮೇಲೆ ಸೇತುವೆಯಾಗಿ ಕೂತು, ಒಳಗಿನ ಮರ ಅಲುಗಿದರೂ ಹೊರಗಿನ ಬಣ್ಣಕ್ಕೆ ತಿಳಿಯಗೊಡುವುದಿಲ್ಲ.

ಮನೆಯಲ್ಲಿ ಮಾಡಿ ನೋಡುವವರಿಗೆ ಒಂದು ಅಳತೆ. ಇದು ಕಸುಬುದಾರರ ಪಾಕವಲ್ಲ, ಕಲಿಯುವವರಿಗೆ ಮಾತ್ರ. ಹುಣಸೆ ಬೀಜ ಹುರಿದು, ಕುಟ್ಟಿ ಕಂದು ಸಿಪ್ಪೆ ಪೂರ್ತಿ ತೆಗೆಯಿರಿ. ಸಿಪ್ಪೆಯಲ್ಲಿ ಒಗರಿದೆ, ಉಳಿದರೆ ಅಂಟು ಕೆಂಪುಗಂದಾಗಿ ಮೇಲಿನ ಬಣ್ಣಕ್ಕೆ ಕಲೆ ಹತ್ತುತ್ತದೆ. ಬಿಳಿ ಬೇಳೆಯನ್ನು ರಾತ್ರಿ ನೆನೆಸಿ ನುಣ್ಣಗೆ ರುಬ್ಬಬಹುದು, ಇಲ್ಲವೇ ಒಣಗಿದ್ದನ್ನೇ ಪುಡಿ ಮಾಡಿಕೊಳ್ಳಬಹುದು. 100 ಗ್ರಾಂ ಪುಡಿಯನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಟ್ಟು ಒಂದು ಲೀಟರ್ ನೀರಾಗುವಂತೆ ಮಾಡಿ, ಸಣ್ಣ ಉರಿಯಲ್ಲಿ 20ರಿಂದ 30 ನಿಮಿಷ ಕೈಯಾಡಿಸುತ್ತಾ ಕುದಿಸಿ. ನೇರವಾಗಿ ಬಿಸಿನೀರಿಗೆ ಸುರಿದರೆ ಪ್ರತಿ ಕಣದ ಹೊರಮೈ ಕ್ಷಣದಲ್ಲಿ ಲೋಳೆಯಾಗಿ, ಒಳಗಿನ ಪುಡಿ ಒಣಗಿಯೇ ಉಳಿದು ಗಂಟು ಕಟ್ಟುತ್ತದೆ. ಆರಿದ ಮೇಲೆ ಅರಿವೆಯಲ್ಲಿ ಸೋಸಿ. ಒಂದು ಪಾಲು ಗೋಣಿಪುಡಿ, ಎರಡು ಪಾಲು ಜರಡಿ ಹಿಡಿದ ಕಟ್ಟಿಗೆ ಪುಡಿ ಬೆರೆಸಿ, ಜೋಳದ ರೊಟ್ಟಿ ಹಿಟ್ಟಿನ ಹದಕ್ಕೆ ಬರುವಷ್ಟು ಅಂಟು ಹಾಕಿ ನಾದಿ. ಬೇಕಾದಷ್ಟೇ ಮಾಡಿ. ಬೇಸಿಗೆಯಲ್ಲಿ ಎರಡೇ ದಿನಕ್ಕೆ ಹುಳಿತು ನಾರುತ್ತದೆ, ಹಿಡಿತವೂ ಹೋಗುತ್ತದೆ.

ಒಮ್ಮೆಗೆ 2-3 ಮಿಲಿಮೀಟರಿಗಿಂತ ದಪ್ಪ ಮೆತ್ತಬೇಡಿ. ಕೊಪ್ಪಳದ ಏಪ್ರಿಲ್ ಬಿಸಿಲಿಗೆ ಇಟ್ಟರೆ ಹೊರಪದರ ಗಂಟೆಯೊಳಗೆ ಗಟ್ಟಿಯಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಒಳಭಾಗ ಆಮೇಲೆ ಕುಗ್ಗುವಾಗ ಹೊರಪದರ ಜತೆಗೆ ಬರಲಾರದೆ ಸೀಳುತ್ತದೆ. ನೆರಳು ಬೇಕು, ಗಾಳಿ ಬೇಕು. ಮಳೆಗಾಲದಲ್ಲಿ ತೊಂದರೆ ಇನ್ನೊಂದು ಬಗೆಯದು. ನಿಧಾನಕ್ಕೆ ಒಣಗಿ ಬೂಷ್ಟು ಹಿಡಿಯುತ್ತದೆ. ಕಲ್ಲಿನ ಪುಡಿಯ ಲೇಪ ಹಾಕುವಾಗ ಮರೆಯಬಾರದ ನಿಯಮ ಒಂದೇ. ಮೇಲಿನ ಪದರದಲ್ಲಿ ಅಂಟು ಕೆಳಗಿನದಕ್ಕಿಂತ ಹೆಚ್ಚಾಗಬಾರದು. ಬಲವಾದ ಪದರ ಮೇಲಿದ್ದರೆ ಒಣಗುವಾಗ ಕೆಳಗಿನದನ್ನು ಎಳೆದು, ಹಪ್ಪಳೆಯಾಗಿ ಕಿತ್ತು ಏಳುತ್ತದೆ. ಬಣ್ಣ ಉದುರಿತು ಎಂದು ಬಣ್ಣವನ್ನು ದೂರುವವರು ಮೊದಲು ಈ ಕೆಳಪದರಗಳನ್ನು ನೋಡಬೇಕು.

ಅಂಟಿಗೆ ಪುಡಿ ಬೆರೆಸುವ ಈ ಉಪಾಯದ ವಯಸ್ಸು ಬೆರಗು ಹುಟ್ಟಿಸುವಂಥದ್ದು. ದಕ್ಷಿಣ ಆಫ್ರಿಕಾದ ಸಿಬುಡು ಎಂಬಲ್ಲಿ ಸುಮಾರು 70,000 ವರ್ಷ ಹಿಂದಿನ ಕಲ್ಲಿನ ಮೊನೆಗಳ ಮೇಲೆ ಗಿಡದ ಅಂಟೂ ಕೆಮ್ಮಣ್ಣೂ ಬೆರೆತ ಗುರುತು ಸಿಕ್ಕಿದೆ. ಲಿನ್ ವಾಡ್ಲಿ ಮತ್ತು ಜತೆಗಾರರು ಅದನ್ನು ಮತ್ತೆ ಮಾಡಿ ನೋಡಿ 2009ರಲ್ಲಿ ಪ್ರಕಟಿಸಿದರು. ಬರೀ ಗೋಂದಿನಿಂದ ಹಿಡಿಕೆಗೆ ಮೊನೆ ಕೂರಿಸಿದರೆ ಅದು ಸುಲಭಕ್ಕೆ ಬಿಟ್ಟುಹೋಗುತ್ತದೆ. ಕೆಮ್ಮಣ್ಣು ಬೆರೆಸಿ ಬೆಂಕಿಯ ಹತ್ತಿರ ಹದವಾಗಿ ಒಣಗಿಸಿದರೆ ನಿಲ್ಲುತ್ತದೆ. ಗೋಂದು ಪ್ರತಿ ಸಲ ಒಂದೇ ಹದದಲ್ಲಿ ಸಿಗುವುದಿಲ್ಲವಾದ್ದರಿಂದ ಅಳತೆಯನ್ನು ಅಲ್ಲಲ್ಲೇ ತಿದ್ದಿಕೊಳ್ಳಬೇಕು, ಬೆಂಕಿಯ ಮೇಲೂ ಕಣ್ಣಿಡಬೇಕು. ಹಲವನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದು ಕೆಲಸ ಮಾಡುವ ಬುದ್ಧಿ ಆಗಲೇ ಇತ್ತು ಎಂಬುದಕ್ಕೆ ವಾಡ್ಲಿ ಈ ಅಂಟನ್ನೇ ಸಾಕ್ಷಿಯಾಗಿ ತೋರಿಸಿದರು. ಮನುಷ್ಯನ ಸೃಜನಶೀಲತೆ ಎಂದಾಕ್ಷಣ ಗುಹೆಯ ಚಿತ್ರ ನೆನೆಯುತ್ತೇವೆ. ಒಂದು ಉಂಡೆ ಅಂಟಿಗೂ ಅಷ್ಟೇ ಗೌರವ ಸಲ್ಲಬೇಕು.

ಮಕ್ಕಳ ಕೈಯಲ್ಲಿ ಎರೆಮಣ್ಣು

ಕಾರಹುಣ್ಣಿಮೆ ಕಳೆದು ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಈ ಮೂರೂ ಜಿಲ್ಲೆಗಳ ಮನೆಗಳಲ್ಲಿ ಮಣ್ಣಿನ ಜೋಡಿ ಎತ್ತು, ಅವಕ್ಕೆ ಮೇವು ಹಾಕುವ ಗೋದಲಿ ಮಾಡಿ ಪೂಜಿಸುತ್ತಾರೆ. ರಾಯಚೂರು ಜಿಲ್ಲೆಯ ಮುದಗಲ್ ಹತ್ತಿರದ ಪಿಕ್ಲಿಹಾಳದ ನವಶಿಲಾಯುಗದ ನೆಲೆಯಲ್ಲಿ ಬಂಡೆಯ ಮೇಲಿನ ಹೋರಿಗಳ ಜತೆ ಸುಟ್ಟ ಮಣ್ಣಿನ ಹೋರಿಯೂ ಸಿಕ್ಕಿದೆ. ಎರಡಕ್ಕೂ ನೇರ ನಂಟು ಕಟ್ಟುವ ಅಗತ್ಯವಿಲ್ಲ. ದನ ಸಾಕುವ ನೆಲದಲ್ಲಿ ಕೈಗೆ ಮಣ್ಣು ಸಿಕ್ಕರೆ ಎತ್ತು ಬರುತ್ತದೆ.

ಈಗ ಎತ್ತುಗಳನ್ನು ಸಂತೆಯಿಂದ ಕೊಂಡು ತರುವವರೇ ಹೆಚ್ಚು. ಮಕ್ಕಳಿಂದ ಮಾಡಿಸಿ. ನಮ್ಮ ಎರೆಮಣ್ಣಿನ ದೋಷ ಕುಗ್ಗುವಿಕೆ. ಅದರ ಕಣಗಳು ತೆಳು ಹಾಳೆಗಳಂತೆ ಪದರಪದರವಾಗಿದ್ದು ನಡುವೆ ನೀರು ಹೀರಿ ಉಬ್ಬುತ್ತವೆ, ಒಣಗಿದರೆ ಅಷ್ಟೇ ಇಳಿಯುತ್ತವೆ. ಹೊಲದಲ್ಲಿ ಬೇಸಿಗೆಗೆ ಬೀಳುವ ಬಿರುಕೇ ಎತ್ತಿನ ಹೊಟ್ಟೆಗೂ ಬೀಳುತ್ತದೆ. ಇದನ್ನು ಮಕ್ಕಳೇ ಅಳೆಯಬಹುದು. ನಾದಿದ ಮಣ್ಣಿನ ಪಟ್ಟಿಯ ಮೇಲೆ ಸರಿಯಾಗಿ 10 ಸೆಂಟಿಮೀಟರಿನ ಗೆರೆ ಎಳೆದು ನೆರಳಲ್ಲಿ ಒಣಗಿಸಿ ಮತ್ತೆ ಅಳೆಯಲಿ. 9 ಸೆಂಟಿಮೀಟರ್ ಉಳಿದರೆ ಕುಗ್ಗಿದ್ದು ನೂರಕ್ಕೆ ಹತ್ತು. ಅಷ್ಟಾದರೆ ಎತ್ತು ಉಳಿಯುವುದು ಕಷ್ಟ. ನಾಲ್ಕು ಪಾಲು ಜರಡಿ ಹಿಡಿದ ಎರೆಮಣ್ಣಿಗೆ ಒಂದು ಪಾಲು ಸಣ್ಣ ಮರಳು ಅಥವಾ ಬೂದಿ, ಅರ್ಧ ಪಾಲು ಒಣಗಿದ ಹೆಂಡಿಯ (ಸಗಣಿಯ) ಪುಡಿ ಹಾಕಿ ಇನ್ನೊಂದು ಪಟ್ಟಿ, ಮರಳು ಎರಡು ಪಾಲು ಮಾಡಿ ಮೂರನೆಯ ಪಟ್ಟಿ ಮಾಡಲಿ. ಮರಳು ಹೆಚ್ಚಾದಂತೆ ಬಿರುಕು ಕಡಿಮೆ, ಆದರೆ ಕೊಂಬು ಬಗ್ಗಿಸಿದರೆ ಮುರಿಯುತ್ತದೆ. ಯಾವ ಪಾಲು ತಮ್ಮ ಮಣ್ಣಿಗೆ ಸರಿ ಎಂದು ಅವರೇ ಹುಡುಕಿಕೊಳ್ಳಬೇಕು, ಏಕೆಂದರೆ ಒಂದು ಹೊಲದ ಮಣ್ಣು ಇನ್ನೊಂದರಂತಿರುವುದಿಲ್ಲ. ಕಿಟ್ಟದಲ್ಲಿ ನಾರು, ಪುಡಿ ಮಾಡುವ ಕೆಲಸವನ್ನೇ ಇಲ್ಲಿ ಹೆಂಡಿ, ಮರಳು ಮಾಡುತ್ತವೆ ಎಂಬುದೂ ಅವರಿಗೆ ತಾನಾಗಿಯೇ ಹೊಳೆದರೆ ಚೆಂದ.

ದೊಡ್ಡವರು ಕೈಹಾಕಬಾರದ ಎರಡು ಜಾಗಗಳಿವೆ. ಒಂದು, ಬಹುಮಾನ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಚಿತ್ರ ಬರೆಯಲು ಇಷ್ಟಪಡುವ ಚಿಕ್ಕ ಮಕ್ಕಳಲ್ಲಿ ಕೆಲವರಿಗೆ ‘ಬರೆದರೆ ಪ್ರಮಾಣಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿ ಬರೆಸಿದರು. ಮುಂದೆ ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಚಿತ್ರ ಬರೆದ ಹೊತ್ತು, ಬಹುಮಾನದ ಮಾತೇ ಕೇಳದ ಮಕ್ಕಳು ಬರೆದ ಹೊತ್ತಿನ ಅರ್ಧದಷ್ಟಿತ್ತು. ಮುಗಿದ ಮೇಲೆ ಅನಿರೀಕ್ಷಿತವಾಗಿ ಪ್ರಮಾಣಪತ್ರ ಪಡೆದ ಮಕ್ಕಳ ಆಸಕ್ತಿ ಮಾತ್ರ ಕುಗ್ಗಲಿಲ್ಲ. ಇನ್ನೊಂದು, ಮುಗಿಸಿಕೊಡುವುದು. ತಾವೇ ಜೋಡಿಸಿದ ವಸ್ತುವಿಗೆ ಜನ ಹೆಚ್ಚು ಬೆಲೆ ಕಟ್ಟುತ್ತಾರೆ ಎಂದು ನಾರ್ಟನ್, ಮೋಚನ್, ಏರಿಯಲಿ 2012ರಲ್ಲಿ ತೋರಿಸಿದರು. ಕೆಲಸ ಅರ್ಧಕ್ಕೆ ನಿಂತವರಲ್ಲಿ ಆ ಅಕ್ಕರೆ ಕಾಣಲಿಲ್ಲ. ಹಾಗಾಗಿ ಮಗು ಮಾಡಿ ಮುಗಿಸಬಲ್ಲಷ್ಟು ಸಣ್ಣ ಕೆಲಸ ಕೊಡಿ. ಗೇಣುದ್ದದ ಎತ್ತು ಬೇಡ, ನಾಲ್ಕು ಬೆರಳಿನದು ಸಾಕು.

ಕಾಲುಗಳನ್ನು ಹೊಟ್ಟೆಯ ಮುದ್ದೆಯಿಂದಲೇ ಎಳೆದು ದಪ್ಪಗೆ ಮಾಡಲಿ, ಬೇರೆ ಮಾಡಿ ಅಂಟಿಸಿದ ಕಾಲು ಭಾರಕ್ಕೆ ಕುಸಿಯುತ್ತದೆ. ಕೊಂಬು ಮತ್ತು ಇಣಿಯನ್ನು (ಹೆಗಲ ಮೇಲಿನ ಡುಬ್ಬವನ್ನು) ಅಂಟಿಸಬಹುದು. ಅಂಟಿಸುವ ಎರಡೂ ಕಡೆ ಕಡ್ಡಿಯಿಂದ ಅಡ್ಡಡ್ಡ ಗೀರಿ, ಅದೇ ಮಣ್ಣನ್ನು ನೀರಿನಲ್ಲಿ ಗಟ್ಟಿ ಮಜ್ಜಿಗೆಯಷ್ಟು ಕದಡಿ ಹಚ್ಚಿ ಒತ್ತಬೇಕು. ಎರಡು ತುಂಡೂ ಒಂದೇ ಹಸಿಯಲ್ಲಿರಬೇಕು. ಬೆಳಿಗ್ಗೆ ಮಾಡಿದ ಮೈಗೆ ಸಂಜೆ ಕೊಂಬು ಹಚ್ಚಿದರೆ ಹಸಿ ಕೊಂಬು ಹೆಚ್ಚು ಕುಗ್ಗಿ ಮರುದಿನ ಕಳಚಿ ಬೀಳುತ್ತದೆ. ಮೊದಲ ದಿನ ಒದ್ದೆ ಅರಿವೆ ಹೊದಿಸಿ ಇಡಿ, ಎರಡನೆಯ ದಿನ ಅರಿವೆ ತೆಗೆದು ನೆರಳಿಗೆ, ಮೂರನೆಯ ದಿನ ಬಿಸಿಲಿಗೆ. ಕೊಂಬು ಬಿದ್ದೇ ಬಿದ್ದರೆ ಒಣಗಿದ ಮೈಗೆ ಹಸಿ ಮಣ್ಣು ಹಿಡಿಯುವುದಿಲ್ಲ. ಹುಣಸೆ ಅಂಟಿಗೆ ಅದೇ ಮಣ್ಣಿನ ಒಣ ಪುಡಿ ಬೆರೆಸಿ ಅಂಟಿಸಿದರೆ ನಿಲ್ಲುತ್ತದೆ. ಆದರೆ ಅದನ್ನು ಹೇಳಿಕೊಡುವ ಮೊದಲು ಮಗು ತಾನೇ ಏನು ಮಾಡುತ್ತದೆ ನೋಡಿ.